ಶೆಟ್ರ ಅಂಗಳದ ನೀರು

ಕರಾವಳಿಯಲ್ಲಿ ಮದುವೆ ಹಾಲ್ ಗೊತ್ತು ಮಾಡಲು ಹೊರಟವರು ಹಿಂದೆ ಮೊದಲು ಅಡುಗೆಮನೆ ನೋಡುತ್ತಿದ್ದರು. ಬಾವಿಯಲ್ಲಿ ಏಪ್ರಿಲ್‌ನಲ್ಲೂ ನೀರುಂಟೋ, ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದು, ಜನರೇಟರ್ ಹಾಲ್‌ನವರದಾದರೆ ಡೀಸೆಲ್ ಯಾರದ್ದು ಎಂದೆಲ್ಲ ವಿಚಾರಿಸಿ ಕೊನೆಗೆ ಬಾಡಿಗೆಯ ಮಾತಿಗೆ ಬರುತ್ತಿದ್ದರು. ಈಗ ಕಾರಿನ ಗಾಜು ಇಳಿಸಿ, ಕೂತಲ್ಲಿಂದಲೇ, "ಪಾರ್ಕಿಂಗಿಗೆ ಎಷ್ಟು ಜಾಗ ಉಂಟು?" ಎಂದು ಕೇಳುತ್ತಾರೆ. ಹುಡುಗ ಹುಡುಗಿಯ ಜಾತಕ ಕೂಡಿಬಂದರೂ ಪಾರ್ಕಿಂಗ್ ಕೂಡಿಬರದೆ ಹಾಲ್ ಬದಲಾದ ಮದುವೆಗಳುಂಟು.

ನನ್ನ ಹಳೆಯ ಸ್ನೇಹಿತರಾದ ಶೆಟ್ರದ್ದು ಕಾರ್ಕಳದ ಕಡೆ ಇಂಥದೊಂದು ಹಾಲ್. ಮುಂದುಗಡೆ ಐವತ್ತು ಸೆಂಟ್ಸ್, ಅಂದರೆ ಅರ್ಧ ಎಕರೆ, ಬರೇ ವಾಹನ ನಿಲ್ಲಿಸಲಿಕ್ಕೆ ಬಿಟ್ಟ ಜಾಗ. ಕರಪತ್ರದಲ್ಲಿ "150 ಕಾರುಗಳಿಗೆ ವಿಶಾಲ ಪಾರ್ಕಿಂಗ್" ಎಂದು ಅಚ್ಚು ಹಾಕಿಸಿದ್ದಾರೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ತಿರುಗಿಸಲಿಕ್ಕೆ, ಹಿಂದೆ ತೆಗೆಯಲಿಕ್ಕೆ ಬಿಟ್ಟ ದಾರಿಯನ್ನೂ ಹಂಚಿ ಹಾಕಿದರೆ ತಲಾ ಇಪ್ಪತ್ತೈದು-ಮೂವತ್ತು ಚದರ ಮೀಟರ್ ಬೀಳುತ್ತದೆ. ಅರ್ಧ ಎಕರೆ ಎಂದರೆ ಎರಡು ಸಾವಿರ ಚದರ ಮೀಟರ್ ಚಿಲ್ಲರೆ. ಲೆಕ್ಕ ಎಪ್ಪತ್ತು-ಎಂಬತ್ತಕ್ಕೆ ಮುಗಿಯಿತು. ಶೆಟ್ರಲ್ಲಿ ಹೀಗೆ ಹೇಳಿದರೆ, "ನಿಮ್ಮದು ಪುಸ್ತಕದ ಲೆಕ್ಕ ಮಾರಾಯ್ರೆ, ನೂರೈವತ್ತು ಒಳಗೆ ಬಂದದ್ದನ್ನು ನಾನೇ ನೋಡಿದ್ದೇನೆ" ಎನ್ನುತ್ತಾರೆ. ಬಂದದ್ದು ಸುಳ್ಳಲ್ಲ. ಹೊರಗೆ ಹೋಗುವ ಸಂಗತಿ ಕರಪತ್ರದಲ್ಲಿಲ್ಲ, ಅಷ್ಟೇ. ಧಾರೆಗೆ ಮುಂಚೆ ಬಂದ ಹತ್ತಿರದ ನೆಂಟರ ಕಾರು ಗೋಡೆಯ ಬದಿಗೆ ಸೇರಿತೆಂದರೆ, ಮೂರನೇ ಪಂಕ್ತಿಯವರು ಐಸ್‌ಕ್ರೀಮ್ ತಿಂದು ಕೈ ಒರೆಸಿಕೊಳ್ಳುವ ತನಕ ಅದಕ್ಕೆ ಬಿಡುಗಡೆಯಿಲ್ಲ. ಮಧ್ಯೆ ಮಧ್ಯೆ ಮೈಕಿನಲ್ಲಿ ಮಂತ್ರ ನಿಂತು, "ಕೆಎ 20, ಬಿಳಿ ಸ್ವಿಫ್ಟ್, ದಯವಿಟ್ಟು ತೆಗೆಯಬೇಕು" ಎಂದು ಕೇಳುತ್ತದೆ.

ಆದರೆ ನನಗೆ ಆಸಕ್ತಿ ಇರುವುದು ಕಾರಿನ ಲೆಕ್ಕದಲ್ಲಲ್ಲ, ನೀರಿನ ಲೆಕ್ಕದಲ್ಲಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನವರಿಗೆ ವರ್ಷಕ್ಕೆ ಸಿಗುವುದು ಸಾವಿರ ಮಿಲಿಮೀಟರಿಗೂ ಕಡಿಮೆ. ನಮ್ಮ ಕಡೆ 4,000ದ ಆಸುಪಾಸು. ಘಟ್ಟ ಹತ್ತಿ ಆಗುಂಬೆಗೆ ಹೋದರೆ 7,000 ದಾಟುತ್ತದೆ. ನಮ್ಮದನ್ನೇ ಹಿಡಿದರೂ ಶೆಟ್ರ ಅರ್ಧ ಎಕರೆಗೆ ವರ್ಷಕ್ಕೆ ಎಂಬತ್ತು ಲಕ್ಷ ಲೀಟರ್ ನೀರು ಆಕಾಶದಿಂದ ಬರುತ್ತದೆ. 12,000 ಲೀಟರಿನ ಟ್ಯಾಂಕರಿಗೆ ತುಂಬಿಸಿದರೆ ಆರುನೂರ ಅರವತ್ತಕ್ಕೂ ಹೆಚ್ಚು ಟ್ಯಾಂಕರ್. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಜೋರು ಮಳೆಯ ಒಂದು ದಿನ 100 ಮಿ.ಮೀ. ಸುರಿಯಿತೆಂದರೆ ಎರಡು ಲಕ್ಷ ಲೀಟರ್ ಅಂಗಳಕ್ಕೆ ಬಂದು ನಿಂತು, ಎಲ್ಲಿಗೆ ಹೋಗಲಿ ಎಂದು ಕೇಳುತ್ತದೆ. ಹೇಳುವವರಿಲ್ಲದಿದ್ದರೆ ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ. ಒಮ್ಮೆ ಅದು ನೋಡಿಕೊಂಡ ದಾರಿ ಊಟದ ಹಾಲ್‌ನ ಹಿಂಬಾಗಿಲಾಗಿತ್ತು.

ಶೆಟ್ರ ತಂದೆಯವರ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಇತ್ತು. ಆಗ ಇದು ಹಾಲ್ ಅಲ್ಲ, ಮನೆ. ಪಾರ್ಕಿಂಗ್ ಅಲ್ಲ, ಅಂಗಳ. ಮಳೆಗಾಲದಲ್ಲಿ ಆ ಅಂಗಳವನ್ನು ಯಾರೂ ಅಂಗಳ ಎಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹುಲ್ಲು ಬೆಳೆಯಲಿ, ಕೆಸರಾಗಲಿ, ಬಿಟ್ಟುಬಿಡುವುದು. ನಡೆದಾಡಲು ಅಡಿಕೆ ಮರ ಸೀಳಿದ ದಬ್ಬೆಗಳನ್ನು ಜೋಡಿಸಿ ಒಂದು ಓಣಿ, ಮಣ್ಣಿನ ಗೋಡೆಗೆ ಎರಚಲು ಹೊಡೆಯದಂತೆ ತೆಂಗಿನ ಮಡಲಿನ ತಟ್ಟಿ, ಸುತ್ತ ನೀರು ಹರಿದು ಹೋಗಲಿಕ್ಕೆ ಕಣಿ. ಮಳೆ ಹಿಂದೆ ಸರಿದ ಮೇಲೆ, ಅಡಿಕೆ ಕೊಯ್ಲಿಗೆ ಮುಂಚೆ, ಆಳುಗಳು ಬಂದು ಹುಲ್ಲು ಹೆರೆಸಿ, ಮಣ್ಣು ಕೆತ್ತಿ, ತಗ್ಗು ತುಂಬಿಸಿ, ನೀರು ಚಿಮುಕಿಸಿ ಮರದ ಮಣೆಯಿಂದ ಬಡಿಯುತ್ತಿದ್ದರು. ಆ ಬಡಿತದ ಸದ್ದು ಎರಡು ಗದ್ದೆ ಆಚೆಗೂ ಕೇಳುತ್ತಿತ್ತು. ಮೇಲೆ ಸೆಗಣಿ ಸಾರಿಸಿ, ಒಣಗಿದ ಮೇಲೆ ಅಡಿಕೆ ಹರಡಿದರೆ ಮೇ ತಿಂಗಳವರೆಗೆ ಅಂಗಳಕ್ಕೆ ಸಾಟಿಯಿಲ್ಲ. ಅಂಗಳ ಕಟ್ಟಿ ಮುಗಿಸಿದೆವು ಎಂಬ ಭಾವನೆಯೇ ಅವರಿಗೆ ಇರಲಿಲ್ಲ. ಪ್ರತಿವರ್ಷ ಹೊಸ ಅಂಗಳ. ಶಾಶ್ವತದ ಹುಚ್ಚು ಹಿಡಿದದ್ದು ಮಗನ ಕಾಲಕ್ಕೆ.

ಅಂಗಳದ ಅಡಿಯಲ್ಲಿರುವುದು ಮುರಕಲ್ಲಿನ ನೆಲ. ಘಟ್ಟದ ಮೇಲಿನವರು ಜಂಬಿಟ್ಟಿಗೆ ಎನ್ನುವುದೂ ಇದನ್ನೇ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾಗಳನ್ನೆಲ್ಲ ಸುತ್ತಿ ಕಂಡದ್ದನ್ನೆಲ್ಲ ಬರೆದುಕೊಂಡ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ ಬೆರಗಾದ: ನೆಲದಲ್ಲಿದ್ದಾಗ ಕಬ್ಬಿಣದ ಹತ್ಯಾರಿನಿಂದ ಸಲೀಸಾಗಿ ಕಡಿಯಬಹುದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಿಂದಲೇ ಲ್ಯಾಟರೈಟ್ ಎಂಬ ಹೆಸರು ಜಗತ್ತಿಗೆ ಹೋಯಿತು. ನಮ್ಮ ಮೇಸ್ತ್ರಿಗಳಿಗೆ ಬುಕಾನನ್ ಗೊತ್ತಿಲ್ಲ, ಆದರೆ ಈ ನೆಲದ ಗುಣ ಗೊತ್ತು. ತೂತು ತೂತಾದ ಕಲ್ಲು, ನೀರು ಕುಡಿಯುತ್ತದೆ. ಎಷ್ಟು ಕುಡಿದರೂ ಆರಿದ್ರಾ ಮಳೆಯ ಹೊತ್ತಿಗೆ ಹೊಟ್ಟೆ ತುಂಬಿ, ಇನ್ನು ಆಗುವುದಿಲ್ಲ ಎಂದು ಮೇಲಕ್ಕೆ ಕಾರುತ್ತದೆ. ಆ ಮೇಲೆ ಬಿದ್ದದ್ದೆಲ್ಲ ಹರಿಯಲೇಬೇಕು.

ಇಂಥ ನೆಲದ ಮೇಲೆ ಶೆಟ್ರು ಮೊದಲು ಹಾಕಿಸಿದ್ದು ಡಾಂಬರು. ಕಪ್ಪಗೆ, ನುಣ್ಣಗೆ, ನೋಡಲಿಕ್ಕೆ ಬಹಳ ಚಂದ. ಡಾಂಬರು ಮತ್ತು ಜಲ್ಲಿಯ ಸಂಬಂಧ ಹೊರಗಿನವರಿಗೆ ಕಾಣುವಷ್ಟು ಗಟ್ಟಿಯಲ್ಲ. ನಮ್ಮ ಕಗ್ಗಲ್ಲಿನ ಜಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಪ್ರೀತಿ ಹೆಚ್ಚು. ಸಣ್ಣ ಬಿರುಕಿನಿಂದ ಇಳಿದ ನೀರು ವಾರಗಟ್ಟಲೆ ಒಳಗೆ ಕೂತರೆ ಕಲ್ಲು ಮೆಲ್ಲಗೆ ಡಾಂಬರಿನ ಕೈ ಬಿಟ್ಟು ನೀರಿನ ಕೈ ಹಿಡಿಯುತ್ತದೆ. ಅದನ್ನು ತಡೆಯಲು ಮಿಶ್ರಣಕ್ಕೆ ಸ್ವಲ್ಪ ಸುಣ್ಣದ ಪುಡಿ ಸೇರಿಸುವ ಕ್ರಮ ಉಂಟು, ಸೇರಿಸುವವರು ಕಡಿಮೆ. ಮೇಲಿನಿಂದ ಕಾರಿನ ಚಕ್ರ ಒತ್ತಿದಾಗ ಒಳಗಿನ ನೀರು ಅಡಿಯ ಮಣ್ಣನ್ನು ಕಲಸಿ ಬಿರುಕಿನ ಬಾಯಿಂದ ಕೆಂಪಗೆ ಉಗುಳುತ್ತದೆ. ಅಂಗಳದಲ್ಲಿ ಎಲ್ಲಾದರೂ ಕಪ್ಪು ಡಾಂಬರಿನ ಮೇಲೆ ಕೆಂಪು ನೀರಿನ ಗೆರೆ ಕಂಡರೆ ಅಲ್ಲಿ ಹೊಂಡ ಬೀಳುವುದು ನಿಶ್ಚಯ. ಉಳಿದದ್ದು ಮುಹೂರ್ತದ ಪ್ರಶ್ನೆ ಮಾತ್ರ.

ಮುಹೂರ್ತ ಎಂದೆನಲ್ಲ, ಶೆಟ್ರ ಕಷ್ಟದ ಬೇರು ಇರುವುದೇ ಅಲ್ಲಿ. ಡಾಂಬರು ಹಾಕಬೇಕಾದರೆ ನೆಲ ಒಣಗಿರಬೇಕು. ಕಾದ ಮಿಶ್ರಣ ನೂರು ಡಿಗ್ರಿಯ ಆಸುಪಾಸಿಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ಕಾಂಕ್ರೀಟಾದರೆ ವಾರಗಟ್ಟಲೆ ನೀರು ಕಟ್ಟಿ ನಿಲ್ಲಿಸಿ, ವಾಹನ ಬಿಡದೆ ಕಾಯಬೇಕು. ಎಲ್ಲಕ್ಕೂ ಹೇಳಿಮಾಡಿಸಿದ ಕಾಲ ಫೆಬ್ರವರಿಯಿಂದ ಮೇವರೆಗೆ. ಮದುವೆಗಳು ಬೀಳುವುದೂ ಆಗಲೇ. ಏಪ್ರಿಲ್-ಮೇ ತಿಂಗಳಲ್ಲಿ ಅಂಗಳ ಮುಚ್ಚಿದರೆ ವರ್ಷದ ಸಂಪಾದನೆ ಹೋಯಿತು. ಹಾಗಾಗಿ ಕೆಲಸ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಪತ್ತನಾಜೆಗೆ ಬಂದು ಮುಟ್ಟುತ್ತದೆ. ಮೇ ಕೊನೆಯ ವಾರದ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನಿಲ್ಲುತ್ತದೆ, ನಮ್ಮ ಕಾಂಟ್ರಾಕ್ಟರು ಗೆಜ್ಜೆ ಕಟ್ಟುತ್ತಾರೆ. "ಇನ್ನೊಂದು ಹತ್ತು ದಿನ ಮಳೆ ಬರಲಿಕ್ಕಿಲ್ಲ ಶೆಟ್ರೆ" ಎಂದು ಅವರು ಧೈರ್ಯ ಹೇಳುವುದು, ಲಾರಿ ಬಂದು ಸುರಿಯುವುದು, ಸಂಜೆಗೆ ಪಡುಗಡಲಿನ ಕಡೆ ಗುಡುಗು. ಹಾಕಿದ್ದು ಮಳೆಯಲ್ಲಿ ನೆನೆದು ತಣಿದು, ರೋಲರ್ ಅದರ ಮೇಲೆ ಹೋಗಿ ಬಂದು, ಅಂಚಿನಲ್ಲಿ ಸಡಿಲ ಉಳಿದು, ದೀಪಾವಳಿಯ ಹೊತ್ತಿಗೆ ಜಲ್ಲಿ ಬೇರೆ, ಡಾಂಬರು ಬೇರೆ.

ಆಮೇಲೆ ಬಂತು ಇಂಟರ್‌ಲಾಕ್. ಈಗ ದೇವಸ್ಥಾನ, ಆಸ್ಪತ್ರೆ, ಪೆಟ್ರೋಲ್ ಪಂಪು ಎಲ್ಲಿ ನೋಡಿದರೂ ಅದೇ. ಕಾರಿಗಾದರೆ 60 ಮಿ.ಮೀ. ದಪ್ಪದ ಇಟ್ಟಿಗೆ ಸಾಕು, ಬಸ್ಸು-ಲಾರಿ ಬರುವುದಾದರೆ 80 ಬೇಕು. ಮದುವೆಗೆ ದಿಬ್ಬಣದ ಬಸ್ಸು ಬರುತ್ತದೆ, ಅಡುಗೆಯವರ ಲಾರಿ ಬರುತ್ತದೆ, ಶಾಮಿಯಾನದ ಕಬ್ಬಿಣದ ಕಂಬ ಬರುತ್ತದೆ. ಶೆಟ್ರು ಲೆಕ್ಕ ಹಾಕಿದ್ದು ಕಾರನ್ನು ಮಾತ್ರ. ಬಸ್ಸು ತಿರುಗಿದಲ್ಲೆಲ್ಲ ಇಟ್ಟಿಗೆಗಳು ಭುಜ ಎತ್ತಿ ಎದ್ದವು. ಇಂಟರ್‌ಲಾಕಿನ ಜೀವ ಇರುವುದು ಇಟ್ಟಿಗೆಯಲ್ಲಲ್ಲ, ಅಡಿಯ ಜಲ್ಲಿಪುಡಿಯ ಹಾಸಿನಲ್ಲಿ, ಸಂದಿಗೆ ತುಂಬಿಸಿದ ಸಣ್ಣ ಹೊಯ್ಗೆಯಲ್ಲಿ, ಸುತ್ತ ಹಿಡಿದು ನಿಲ್ಲಿಸುವ ಕಾಂಕ್ರೀಟ್ ಕಟ್ಟೆಯಲ್ಲಿ. ಒಂದು ಮಳೆಗಾಲ ಹೋಯಿತೆಂದರೆ ಸಂದಿಯ ಹೊಯ್ಗೆ ಅರ್ಧ ತೊಳೆದುಹೋಗಿರುತ್ತದೆ. ಮತ್ತೆ ಹರಡಿ, ಪೊರಕೆಯಿಂದ ಗುಡಿಸಿ ತುಂಬಿಸಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ, ಇಬ್ಬರು ಆಳು, ಒಂದು ಪಿಕ್‌ಅಪ್ ಹೊಯ್ಗೆ. ಇಷ್ಟು ಅಗ್ಗದ ಕೆಲಸವನ್ನು ಮಾಡಿಸುವ ಅಭ್ಯಾಸ ನಮ್ಮವರಿಗಿಲ್ಲ. ಹತ್ತು ಲಕ್ಷ ಕೊಟ್ಟು ಹಾಕಿಸುತ್ತಾರೆ, ಹತ್ತು ಸಾವಿರ ಕೊಟ್ಟು ನೋಡಿಕೊಳ್ಳಿ ಎಂದರೆ ಮುಖ ಸಣ್ಣ ಮಾಡುತ್ತಾರೆ.

ಹೊಯ್ಗೆ ಹೋದ ಸಂದಿಗೆ ಪಾಚಿ ಬಂದು ಕೂರುತ್ತದೆ. ಪಾಚಿಗೆ ಬೇಕಾದದ್ದು ನೆರಳು, ತೇವ ಮತ್ತು ನಿರ್ಜನತೆ. ಚಕ್ರ ಓಡಾಡುವಲ್ಲಿ ಅದು ನಿಲ್ಲುವುದಿಲ್ಲ. ನಮ್ಮಲ್ಲಿ ಅದರ ಅನುಕೂಲಕ್ಕೇ ಎಂಬಂತೆ ಆಟಿ ತಿಂಗಳುಂಟು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಮದುವೆ ಇಲ್ಲ, ಮುಂಜಿ ಇಲ್ಲ. ಆಷಾಢದ ಊಟ, ಆಟಿಡೊಂಜಿ ದಿನ ಎಂದು ಎಲ್ಲೋ ಒಂದು ಕಾರ್ಯಕ್ರಮ. ಹೊರಗೆ ಮಳೆ ಜಡಿಯುತ್ತಿರುವಾಗ ಅರ್ಧ ಎಕರೆ ಅಂಗಳ ಯಾರ ಕಾಲೂ ಸೋಕದೆ ಹಸಿರಾಗುತ್ತದೆ. ನೋಡಲಿಕ್ಕೆ ಮಖಮಲ್ಲು. ಆಟಿ ಕಳೆದು ಮೊದಲ ಮದುವೆಯ ದಿನ ಆ ಮಖಮಲ್ಲಿನ ಮೇಲೆ ಹೊಸ ಚಪ್ಪಲಿ ಹಾಕಿದ ನೂರಾರು ಮಂದಿ ಇಳಿಯುತ್ತಾರೆ. ಬೀಳುವವರಲ್ಲೂ ಒಂದು ಕ್ರಮ ಇದ್ದಂತೆ ಕಾಣುತ್ತದೆ. ಮಕ್ಕಳು ಬಿದ್ದರೆ ಎದ್ದು ಓಡುತ್ತವೆ. ಹೆಂಗಸರು ಸೀರೆ ಹಿಡಿದು ನೋಡಿ ನಡೆಯುತ್ತಾರೆ. ಬೀಳುವುದು ಯಾವಾಗಲೂ ಗಂಡಿನ ಸೋದರಮಾವನೇ; ಬಿಳಿ ಪಂಚೆ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಸ್ಸಿಗೆ ದಾರಿ ತೋರಿಸುತ್ತಾ ಹಿಂದೆ ಹಿಂದೆ ನಡೆಯುವ ಗತ್ತು.

ಬ್ಲೀಚಿಂಗ್ ಪೌಡರ್ ಎರಚಿ, ತೆಂಗಿನ ಹಿಡಿಸೂಡಿಯಿಂದ ತಿಕ್ಕಿದರೆ ಪಾಚಿ ಹೋಗುತ್ತದೆ. ಜಾಸ್ತಿ ಎರಚಿದರೆ ಗೋಡೆಬದಿಯ ದಾಸವಾಳವೂ ಹೋಗುತ್ತದೆ. ನೀರಿನ ಪ್ರೆಶರ್ ಪಂಪು ಹಿಡಿದವನ ಕೈ ಜೋರಾದರೆ ಪಾಚಿಯ ಜೊತೆ ಉಳಿದ ಹೊಯ್ಗೆಯೂ ಹಾರಿಹೋಗಿ, ಮುಂದಿನ ಪಾಚಿಗೆ ಮನೆ ಸಿದ್ಧ. ಹಾಲ್‌ನ ಮೆಟ್ಟಿಲ ಬುಡಕ್ಕೆ ಕಾಂಕ್ರೀಟ್ ಹಾಕಿದಾಗ ಮೇಸ್ತ್ರಿ, ಹಸಿ ಇರುವಾಗ ಪೊರಕೆ ಎಳೆದು ಗೀರು ಬಿಡುತ್ತೇನೆ, ಕಾಲು ಹಿಡಿಯುತ್ತದೆ ಎಂದ. "ಗೀರು ಗೀರು ಎಂತಕ್ಕೆ? ಫೋಟೋದಲ್ಲಿ ಚಂದ ಕಾಣುವುದಿಲ್ಲ" ಎಂದು ಶೆಟ್ರಿತಿ ನುಣ್ಣಗೆ ಮಾಡಿಸಿದರು. ಫೋಟೋ ನಿಜಕ್ಕೂ ಚಂದ ಬಂದಿದೆ. ಮಳೆಗಾಲದಲ್ಲಿ ಅದರ ಮೇಲೆ ಗೋಣಿ ಹಾಸುತ್ತಾರೆ.

ಅಂಗಳ ಪರೀಕ್ಷೆ ಮಾಡಬೇಕಾದರೆ ಬಿಸಿಲಿನಲ್ಲಿ ಪ್ರಯೋಜನವಿಲ್ಲ. ಒಣಗಿದ ಅಂಗಳ ಎಲ್ಲವೂ ಸಮ ಇದ್ದಂತೆಯೇ ಕಾಣುತ್ತದೆ. ಧೋ ಎಂದು ಸುರಿಯುವಾಗ ಕೊಡೆ ಹಿಡಿದು ಇಳಿಯಬೇಕು. ಹೋದ ಮಳೆಗಾಲದಲ್ಲಿ ಶೆಟ್ರು, ನಾನು, ವಾಚ್‌ಮನ್ ಮೂವರೂ ಹಾಗೆ ಇಳಿದೆವು. ವಾಚ್‌ಮನ್ ಕಂಕುಳಲ್ಲಿ ಒಡೆದ ಹಂಚಿನ ಚೂರುಗಳ ಬುಟ್ಟಿ. ನೀರು ನಿಂತಲ್ಲೆಲ್ಲ ಅದರ ಅಂಚಿಗೆ ಸುತ್ತ ಹಂಚಿನ ಚೂರು ಇಡುತ್ತಾ ಬಂದ. ಮಳೆ ಬಿಟ್ಟು ನೀರು ಆರಿದ ಮೇಲೂ ಚೂರು ಅಲ್ಲೇ ಇರುತ್ತದಲ್ಲ, ಮೇಸ್ತ್ರಿಗೆ ತೋರಿಸಬಹುದು. ಐವತ್ತು ಅಡಿಗೆ ಒಂದು ಅಡಿ ಇಳಿಜಾರು ಇದ್ದರೆ ನೀರು ಮರ್ಯಾದೆಯಿಂದ ಹೋಗುತ್ತದೆ. ಶೆಟ್ರದ್ದು ಅಷ್ಟು ಇತ್ತು. ಇಳಿಜಾರು ಹೋಗಿ ಮುಟ್ಟುವ ಚರಂಡಿಯ ಬಾಯಿ ಮಾತ್ರ ಅಂಗಳಕ್ಕಿಂತ ಎರಡು ಬೆರಳು ಎತ್ತರ! ನಿಮಂತ್ರಣ ಕೊಟ್ಟು ಬಾಗಿಲು ಹಾಕಿಕೊಂಡ ಹಾಗಾಯಿತು.

ಆ ಚರಂಡಿಯ ಜಾಲರಿ ಎತ್ತಿದಾಗ ಕಂಡದ್ದನ್ನು ಹೇಳಬೇಕು. ಪೇಪರ್ ಕಪ್ಪು, ಐಸ್‌ಕ್ರೀಮಿನ ಚಮಚ, ಅಕ್ಷತೆಯ ಪೊಟ್ಟಣ, ಗೋಳಿಮರದ ಎಲೆ, ಇದೆಲ್ಲ ಸರಿ. ಎಲ್ಲವನ್ನೂ ಹೆಣೆದು ಒಂದೇ ಮುದ್ದೆ ಮಾಡಿ ಕೂರಿಸಿದ್ದು ಬಾಳೆನಾರು. ಶಂಕರಪುರ ಮಲ್ಲಿಗೆಯನ್ನು ಕಟ್ಟುವುದೇ ಬಾಳೆನಾರಿನಲ್ಲಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಒಂದು ಚೆಂಡಿಗೆ ಸುಮಾರು ಎಂಟುನೂರು ಹೂವು. ನಮ್ಮ ಮದುವೆಗಳಲ್ಲಿ ಎಷ್ಟು ಅಟ್ಟೆ ಮುಡಿಯುತ್ತಾರೆಂಬುದು ನಿಮಗೆ ಗೊತ್ತು. ಹೂವು ಬಾಡಿ ಕರಗಿಹೋಗುತ್ತದೆ, ನಾರು ಚರಂಡಿಗೆ ಬರುತ್ತದೆ. ಅದನ್ನು ವಾಚ್‌ಮನ್ ಎರಡೂ ಕೈಯಿಂದ ಎಳೆದು ತೆಗೆದ. ಗುಳುಕ್ ಎಂದು ಸದ್ದಾಗಿ, ಮೊಣಕಾಲುದ್ದ ನಿಂತಿದ್ದ ನೀರು ಒಂದು ಎಲೆಅಡಿಕೆ ಹಾಕುವಷ್ಟರಲ್ಲಿ ಇಳಿದುಹೋಯಿತು. ಇಂಜಿನಿಯರಿಗೆ ಕೊಟ್ಟ ಫೀಸು ನೆನಪಾಗಿ ಶೆಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಳೆಯೊಂದೇ ವೈರಿ ಎಂದಲ್ಲ. ಕಲಬುರಗಿ, ರಾಯಚೂರಿನ ಕಡೆ ಹೋದರೆ ಬಿಸಿಲು. ಮೇ ತಿಂಗಳ ಮಧ್ಯಾಹ್ನ ಡಾಂಬರು ಮೆತ್ತಗಾಗಿ, ಬೈಕಿನ ಸೈಡ್ ಸ್ಟ್ಯಾಂಡ್ ಅದರಲ್ಲಿ ಇಳಿದು, ಸಿನಿಮಾ ನೋಡಿ ಹೊರಗೆ ಬರುವಷ್ಟರಲ್ಲಿ ಬೈಕು ಮಲಗಿರುತ್ತದೆ. ತಿಳಿದವರು ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲಿಟ್ಟು ಹೋಗುತ್ತಾರೆ. ಅಡಿಗೆ ಎರೆಮಣ್ಣು ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ, ಮೇಲೆ ಹಾಕಿದ್ದನ್ನೆಲ್ಲ ಉಸಿರಾಡಿಸುತ್ತದೆ. ಅಲ್ಲಿಯವರ ಅಂಗಳದ ಕಥೆ ಅಲ್ಲಿಯವರೇ ಹೇಳಿದರೆ ಚಂದ.

ಶೆಟ್ರ ಅಳಿಯ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಅಲ್ಲಿ ಒಬ್ಬ ಸ್ನೇಹಿತನ ಜೊತೆ ಸೇರಿ ದಿನಸಿ ಅಂಗಡಿ ಇಟ್ಟಿದ್ದಾನೆ. ಉದ್ದಿನಬೇಳೆ, ಕುಚ್ಚಲಕ್ಕಿ ಎಲ್ಲ ಸಿಗುತ್ತದಂತೆ. ಅವನ ಅಂಗಡಿ ಮುಂದಿನ ಜಾಗಕ್ಕೆ ವರ್ಷದಲ್ಲಿ ಐದು ತಿಂಗಳು ಹಿಮದ ಕಾಟ. ನಾವು ನೀರಿಗೆ ಇಲ್ಲಿ ಇಷ್ಟು ಹೆದರಿದರೆ, ಅಲ್ಲಿ ಅದು ಬಿರುಕಿಗಿಳಿದು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗಿ ಡಾಂಬರನ್ನು ಒಳಗಿನಿಂದಲೇ ಸೀಳುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ನೇಗಿಲು ಕಟ್ಟಿದ ಟ್ರಕ್ ಬಂದು ಹಿಮ ತಳ್ಳಬೇಕು, ಆಮೇಲೆ ಉಪ್ಪು ಎರಚಬೇಕು. ಸೊನ್ನೆಗಿಂತ ಒಂಬತ್ತು-ಹತ್ತು ಡಿಗ್ರಿ ಕೆಳಗಿಳಿದರೆ ಸಾದಾ ಉಪ್ಪು ಕೆಲಸ ಮಾಡುವುದಿಲ್ಲ. ಹಾಕಿದವರು ಹಾಕುತ್ತಲೇ ಇರುತ್ತಾರೆ, ಅದೆಲ್ಲ ಕರಗಿ ಕೊನೆಗೆ ಹೋಗುವುದು ಕೆರೆಗೆ. ಒಂದು ಟೀ ಚಮಚ ಉಪ್ಪು ಹತ್ತೊಂಬತ್ತು ಲೀಟರ್ ನೀರು ಕೆಡಿಸಲು ಸಾಕು ಎಂದು ಅಲ್ಲಿಯ ಸರ್ಕಾರದವರು ಹೇಳುತ್ತಿರುತ್ತಾರೆ. ತಳ್ಳಿದ ಹಿಮವನ್ನು ಎಲ್ಲಿ ಗುಡ್ಡೆ ಹಾಕುವುದೆಂಬುದೇ ಒಂದು ವಿದ್ಯೆಯಂತೆ. ಎತ್ತರದ ಮೂಲೆಯಲ್ಲಿ ಹಾಕಿದರೆ ಹಗಲಿನ ಬಿಸಿಲಿಗೆ ಕರಗಿದ ನೀರು ಅಂಗಳದ ಉದ್ದಕ್ಕೂ ಹರಿದು ರಾತ್ರಿಗೆ ಗಾಜಾಗುತ್ತದೆ. ತಗ್ಗಿನಲ್ಲಿ, ಚರಂಡಿಯ ಪಕ್ಕದಲ್ಲಿ ಹಾಕಬೇಕು, ಆದರೆ ಬಾಯಿ ಮುಚ್ಚದಂತೆ.

ಇದನ್ನು ಕೇಳಿದ ಶೆಟ್ರಿಗೆ ಬಹಳ ಸಮಾಧಾನವಾಯಿತು. "ಅಲ್ಲಿಯೂ ಚರಂಡಿಯೇ ಅಲ್ವಾ ಮಾರಾಯ್ರೆ!" ಎಂದರು. ಅಳಿಯನಿಗೆ ಹಿಮಕ್ಕಿಂತ ದೊಡ್ಡ ಹೆದರಿಕೆ ವಕೀಲರದ್ದು. ಗಿರಾಕಿ ಜಾರಿ ಬಿದ್ದರೆ ಕೋರ್ಟಿಗೆ ಹೋಗುತ್ತಾನೆ. ಅದಕ್ಕೆ ಎಷ್ಟು ಗಂಟೆಗೆ ಹಿಮ ತೆಗೆದೆವು, ಎಷ್ಟು ಗಂಟೆಗೆ ಉಪ್ಪು ಹಾಕಿದೆವು ಎಂದು ಬರೆದಿಟ್ಟು ಫೋಟೋ ತೆಗೆದಿಡುತ್ತಾರೆ. ನಮ್ಮಲ್ಲಿ ಬಿದ್ದವರು ತಾವೇ ನಾಚಿಕೊಂಡು, ಯಾರೂ ನೋಡಲಿಲ್ಲವಷ್ಟೆ ಎಂದು ಸುತ್ತ ನೋಡಿ, ಪಂಚೆ ಕೊಡವಿ ಊಟಕ್ಕೆ ಹೋಗುತ್ತಾರೆ. ಈ ಸೌಜನ್ಯದ ಮೇಲೆ ನಮ್ಮ ಎಷ್ಟು ವ್ಯಾಪಾರಗಳು ನಿಂತಿವೆಯೋ!

ಬಾಳೆನಾರಿನ ಪ್ರಕರಣ ಆದ ಮೇಲೆ ಶೆಟ್ರು ಹೊಸ ಡಾಂಬರಿನ ಕೊಟೇಶನ್ ಬದಿಗಿಟ್ಟರು. ಚರಂಡಿಯ ಬಾಯಿ ತಗ್ಗಿಸಿದ್ದಾಯಿತು. ದೀಪಾವಳಿ ಕಳೆದ ಕೂಡಲೇ, ಮದುವೆಗಳು ತುಂಬಿಕೊಳ್ಳುವ ಮೊದಲು, ಸಂದಿಗೆ ಹೊಯ್ಗೆ ತುಂಬಿಸಿ ಎದ್ದ ಇಟ್ಟಿಗೆ ಕೂರಿಸುವುದು ಎಂದು ನಿಶ್ಚಯವಾಯಿತು. ಬಸ್ಸಿಗೆ ಬೇರೆ ದಾರಿ, ಅಲ್ಲಿ ಮಾತ್ರ ದಪ್ಪ ಇಟ್ಟಿಗೆ. ಆಟಿಯಲ್ಲಿ ವಾರಕ್ಕೊಮ್ಮೆ ತಮ್ಮ ಹಳೆ ಜೀಪನ್ನು ಅಂಗಳದ ತುಂಬ ಸುತ್ತಿಸುತ್ತಾರೆ, ಪಾಚಿ ಕೂರಬಾರದೆಂದು. ನೋಡಿದವರು ಶೆಟ್ರು ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯುತ್ತಿದ್ದಾರೆ ಎಂದು ಊರಿನಲ್ಲಿ ಹೇಳಿದ್ದಾರೆ. ಎಲ್ಲಕ್ಕಿಂತ ದೊಡ್ಡ ತೀರ್ಮಾನವೆಂದರೆ, ವರ್ಷವಿಡೀ ಅಂಗಳ ನೋಡಿಕೊಳ್ಳಲಿಕ್ಕೆಂದೇ ಸಂಬಳಕ್ಕೆ ಒಬ್ಬ ಆಳು.

ಇದು ಆಡಿಟರರಿಗೆ ಸರಿಹೋಗಲಿಲ್ಲ. ಹೊಸದಾಗಿ ಹಾಕಿಸಿದ್ದು ಆಸ್ತಿಯ ಖಾತೆಗೆ, ಹಾಳಾದದ್ದನ್ನು ಸರಿಮಾಡಿದ್ದು ರಿಪೇರಿಗೆ, ಅವರಿಗೆ ಗೊತ್ತಿರುವ ಅಂಗಳ ಇವೆರಡೇ. "ಹಾಳಾಗದ ಜಾಗಕ್ಕೆ ವರ್ಷವಿಡೀ ರಿಪೇರಿ ಎಂತದ್ದು?" ಎಂದು ಕೇಳಿದರು. "ನಮ್ಮ ಅಪ್ಪ ಪ್ರತಿವರ್ಷ ಬಡಿಸುತ್ತಿದ್ದರಲ್ಲ, ಅದನ್ನು ಯಾವ ಖಾತೆಗೆ ಹಾಕ್ತಿದ್ರು?" ಎಂದು ಶೆಟ್ರು. ಆಗ ಖಾತೆಯೇ ಇರಲಿಲ್ಲ ಎಂದು ಆಡಿಟರ್. ಸದ್ಯಕ್ಕೆ ಆಳಿನ ಸಂಬಳ ಕ್ಲೀನಿಂಗಿಗೆ ಸೇರಿದೆ. ಮೊನ್ನೆ ಅವನು ಬಂದು ಮಳೆಗಾಲಕ್ಕೆ ರೈನ್‌ಕೋಟು, ಗಂಬೂಟು ಬೇಕೆಂದು ಕೇಳಿದ. ಅದನ್ನು ಎಲ್ಲಿ ಬರೆಯುವುದೆಂದು ಶೆಟ್ರು ಫೋನು ತೆಗೆದು ಆಡಿಟರರ ನಂಬರ್ ಹುಡುಕುತ್ತಿದ್ದರು.